ಮೊದಲನೇ ಸಾಲಿನ ಹದಿನೆಂಟು

ಪ್ರೊಜೆಕ್ಟರಿನ ಬೆಳಕು ಅವನ ತೋಳಿನ ಮೇಲೆ ಬಿದ್ದಿದೆ, ತೋಳಿನ ಮೇಲೊಂದು ನೀಲಿ ಬಟನ್, ಅಂಗಿಯದಲ್ಲ, ಪರದೆಯದು, ಉಳಿಸಿ ಎಂಬ ಅಕ್ಷರಗಳು ಬಟ್ಟೆಯ ಮಡಿಕೆಯಲ್ಲಿ ಸೊಟ್ಟಗಾಗಿವೆ — ನೋಡು, ಈಗ ಮೈಮೇಲೇ ಹಾಕಿಕೊಂಡುಬಿಟ್ಟ, ಎಂದುಕೊಂಡಳು ಅವಳು, ಮೀಟಿಂಗ್ ರೂಮಿನ ಕೊನೆಯ ಕುರ್ಚಿಯಲ್ಲಿ, ಬಾಗಿಲಿಗೆ ಅಂಟಿಕೊಂಡು, ದಾರಿ ತಪ್ಪಿ ಬಂದವಳ ಹಾಗೆ ಕೂತು. ಆ ಬಟನ್ ಅವಳದು. ಆ ನೀಲಿ ಅವಳದು, ಮೂಲೆಯ ಉರುಟು ಅವಳದು, ಒಮ್ಮೆ ಒತ್ತಿದರೆ ಕೆಲಸ ಮುಗಿಯುವ ತನಕ ಮಂಕಾಗಿ ಅವಸರದ ಕೈ ಮತ್ತೆ ಒತ್ತದಂತೆ ತಡೆಯುವ ಬುದ್ಧಿ ಅವಳದು, ಬಟನ್ ಕೂತ ಸಾಲಿಗೆ ಸಾಲೇ ಅವಳದು, ಬಾಯಿ ಮಾತ್ರ ನಗುಮುಖನದು. ನಗುಮುಖ ಎಂದು ಹೆಸರಿಟ್ಟದ್ದೂ ಅವಳೇ, ಮನಸ್ಸಿನಲ್ಲಿ, ಯಾಕೆಂದರೆ ಬೈಸಿಕೊಂಡರೂ ನಗುತ್ತಾನೆ, ಕದ್ದರೂ ನಗುತ್ತಾನೆ, ಲಿಫ್ಟಿನ ಕನ್ನಡಿ ಕಂಡರಂತೂ ಕೇಳುವುದೇ ಬೇಡ. ಈಗಲೂ ಪರದೆಯ ಪಕ್ಕ ಲ್ಯಾಪ್‌ಟಾಪ್ ಮುಂದೆ ಕೂತು ನಗುತ್ತಿದ್ದಾನೆ, ನೋಡಿ ಡಾಕ್ಟರೇ, ಒಂದು ಸಾಲು ಅಂದ್ರೆ ಒಬ್ಬ ರೋಗಿ, ಹೆಸರು, ಹಾಸಿಗೆ, ಔಷಧಿ, ಇಲ್ಲಿ ಡೋಸ್, ಇಲ್ಲಿ ಬಟನ್, ನಾವು ಬರೆದಿರೋದು ಒಂದೇ ಒಂದು ಸಾಲು, ವಾರ್ಡಲ್ಲಿ ಎಷ್ಟು ಜನ ಇದಾರೋ ಅಷ್ಟು ಸಲ ಅದನ್ನೇ ಬಳಸ್ತೀವಿ. ನಾವು ಬರೆದಿರೋದು. ನಾವಂತೆ — ಅನ್ನಲಿ, ಇನ್ನು ಸ್ವಲ್ಪ ಹೊತ್ತು, ಈಗ ಮೊದಲನೇ ಸಾಲಿನ ಅಜ್ಜನಿಗೆ ಇನ್ಸುಲಿನ್ ಹದಿನೆಂಟು ಎಂದು ಬರೆಯುತ್ತಾನೆ, ಅಭ್ಯಾಸ ಮಾಡುವಾಗಲೆಲ್ಲ ಹದಿನೆಂಟನ್ನೇ ಬರೆದಿದ್ದಾನೆ, ಬೇರೆ ಸಂಖ್ಯೆ ಬರುವುದಿಲ್ಲ ಪಾಪ. ಎಸಿ ತಣ್ಣಗೆ ಕೊರೆಯುತ್ತಿದೆ, ಅವಳು ತೋಳು ಉಜ್ಜಿಕೊಂಡಳು. ಸ್ವೆಟರ್ ಬ್ಯಾಗಿನಲ್ಲೇ ಇದೆ, ಹಾಕಿಕೊಳ್ಳುವುದಿಲ್ಲ.

ಮುಂದಿನ ಕುರ್ಚಿಗಳಲ್ಲಿ ಮ್ಯಾನೇಜರು, ಪಕ್ಕದಲ್ಲಿ ಆಸ್ಪತ್ರೆಯ ಇಬ್ಬರು ಡಾಕ್ಟರು, ಕೊನೆಗೆ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ದೊಡ್ಡ ಸಿಸ್ಟರ್, ವಾರ್ಡಿನ ಹಿರಿಯ ನರ್ಸು, ಇವರು ಹೂಂ ಅಂದರೆ ಬರುವ ಸೋಮವಾರದಿಂದ ಇಡೀ ವಾರ್ಡು ಈ ಪರದೆ ನೋಡಿಯೇ ಔಷಧಿ ಕೊಡುತ್ತದೆ. ದೊಡ್ಡ ಸಿಸ್ಟರ್ ಒಳಗೆ ಬರುವಾಗ ಅವಳನ್ನು ಕಂಡು ಕಣ್ಣಲ್ಲೇ ನಕ್ಕಿದ್ದರು, ಮರೆತಿಲ್ಲ, ಆ ಸಾಲು ಬರೆಯುವ ಮೊದಲು ಅವಳು ವಾರ್ಡಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ದಿನಗಟ್ಟಲೆ ಕೂತಿದ್ದಳಲ್ಲ, ಮೂಗಿಗೆ ಫಿನೈಲಿನ ಘಾಟು, ಕಾಲಿಗೆ ಆಗಾಗ ಬಡಿಯುವ ಟ್ರಾಲಿಯ ಚಕ್ರ, ಬಾರಮ್ಮ ಕಂಪ್ಯೂಟರಿನವಳೇ, ಇಲ್ಲಿ ನೋಡು, ಹಾಸಿಗೆ ನಂಬರ್ ನಂಬ್ಕೊಂಡು ಯಾವತ್ತೂ ಔಷಧಿ ಕೊಡಬಾರದು, ಹಾಸಿಗೆ ಇವತ್ತು ಇವರದು, ನಾಳೆ ಇನ್ನೊಬ್ಬರದು, ಕೈ ಹಿಡ್ಕೋ, ಕೈಪಟ್ಟಿ ನೋಡು, ಹೆಸರು ಕೇಳು, ಆಮೇಲೆ ಕೊಡು. ಒಣಗಿದ ಅಜ್ಜಿಯೊಬ್ಬಳ ಕೈಯನ್ನು ಹೂ ಎತ್ತುವ ಹಾಗೆ ಎತ್ತಿ ಪಟ್ಟಿ ತಿರುಗಿಸಿ ತೋರಿಸಿದ್ದರು. ಅವತ್ತೇ ಬಂದು ಅವಳು ಆ ಕೈಪಟ್ಟಿಯ ನಂಬರನ್ನೇ ಸಾಲಿಗೆ ಕೀ ಎಂದು ಕೊಟ್ಟಳು. ಪರದೆ ಕಟ್ಟಿಕೊಡುವ ಈ ಫ್ರೇಮ್‌ವರ್ಕಿಗೆ ಕಣ್ಣಿಲ್ಲ, ಒಂದೇ ಅಚ್ಚಿನ ಸಾಲುಗಳನ್ನು ಮುಂದಿಟ್ಟರೆ ಯಾವುದು ಯಾರದೆಂದು ತಿಳಿಯದು, ಒಂದೊಂದಕ್ಕೂ ಒಂದು ಗುರುತು ಕೊಡು ಎಂದು ಕೇಳುತ್ತದೆ, ಆ ಗುರುತಿಗೇ ಕೀ ಅನ್ನುವುದು, ಅದು ಸರಿಯಿದ್ದರೆ ಅಜ್ಜ ಮನೆಗೆ ಹೋದಾಗ ಅಜ್ಜನ ಡೋಸೂ ಅಜ್ಜನ ಜೊತೆಯೇ ಹೋಗುತ್ತದೆ, ತಪ್ಪಿದರೆ ಅಜ್ಜ ಹೋಗುತ್ತಾನೆ, ಡೋಸು ಕೂತಲ್ಲೇ ಕೂತಿರುತ್ತದೆ, ಮುಂದೆ ಆ ಜಾಗಕ್ಕೆ ಯಾರು ಬಂದರೆ ಅವರಿಗೆ. ಇಷ್ಟೇ. ಎಲ್ಲರಿಗೂ ಅರ್ಥವಾಗುವ ಮಾತು, ನಗುಮುಖನಿಗೊಬ್ಬನಿಗೆ ಆಗಲಿಲ್ಲ.

ಆಗುವುದಾದರೂ ಹೇಗೆ, ಅವನು ಸ್ಟೂಲಿನ ಮೇಲೆ ಕೂತವನೇ? ಅವನು ಕೂತದ್ದು ಅವಳ ಕುರ್ಚಿಯಲ್ಲಿ. ಅಕ್ಕನಿಗೆ ಆಪರೇಷನ್, ಅವಳಿಗೆ ರಜೆ, ಹೋಗಿ ಬನ್ನಿ, ಇಲ್ಲಿಯ ಚಿಂತೆ ಬಿಡಿ, ಮನೆಯವರು ಮುಖ್ಯ ಅಲ್ವಾ, ಎಂದು ಮ್ಯಾನೇಜರು ಬೆಣ್ಣೆ ಸವರಿದ್ದರು, ಅವಸರದಲ್ಲಿ ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದವಳು ಹಾಗೇ ಬಿಟ್ಟು ಓಡಿದ್ದಳು. ಹಸಿರು ಸ್ವೆಟರ್, ಅಕ್ಕ ಹೆಣೆದದ್ದು, ಎಡತೋಳು ಬಲಕ್ಕಿಂತ ಉದ್ದ, ಹೇಳಿದರೆ ಸ್ವೆಟರ್ ಸರಿಯಾಗೇ ಇದೆ ಕಣೇ, ನಿನ್ನ ಕೈಯೇ ಗಿಡ್ಡ, ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಆಗ ಹೊಟ್ಟೆಯಲ್ಲಿ ಹೊಲಿಗೆ ಇರಲಿಲ್ಲ, ನಗಬಹುದಿತ್ತು. ಅಕ್ಕ ಎದ್ದು ಓಡಾಡುವ ಹಾಗಾದ ಮೇಲೆ ಬಂದು ನೋಡುತ್ತಾಳೆ — ಕಿಟಕಿ ಪಕ್ಕದ ಅವಳ ಕುರ್ಚಿಯಲ್ಲಿ ನಗುಮುಖ, ಅವಳ ಪರದೆಯಲ್ಲಿ ಅವಳ ಸಾಲು, ಅವನ ಬೆನ್ನ ಹಿಂದೆ ಅವಳ ಸ್ವೆಟರ್. ಓ ಬಂದ್ರಾ ಮೇಡಂ, ಅಕ್ಕ ಹೇಗಿದಾರೆ, ಇಲ್ಲಿ ಬೆಳಕು ಚೆನ್ನಾಗಿದೆ ಕೂತ್ಕೋ ಅಂತ ಮ್ಯಾನೇಜರ್ರೇ ಅಂದ್ರು, ನಿಮ್ಮ ಆ ಸಾಲಿನ ಕಾಂಪೊನೆಂಟ್ ಸ್ವಲ್ಪ ತೊಂದ್ರೆ ಕೊಡ್ತಿತ್ತು, ಸರಿ ಮಾಡಿದೀನಿ. ಏಳಲಿಲ್ಲ. ಕೂತಲ್ಲೇ ಮುಂದಕ್ಕೆ ಬಾಗಿ, ಬೆನ್ನ ಹಿಂದೆ ಕೈ ಹಾಕಿ, ಸ್ವೆಟರನ್ನು ಎಳೆದು ಕೊಟ್ಟ. ಅದು ಬಿಸಿಯಾಗಿತ್ತು. ಅಕ್ಕನ ನೂಲು, ಅವಳ ಸ್ವೆಟರ್, ಅವನ ಬೆನ್ನಿನ ಬಿಸಿ. ಥ್ಯಾಂಕ್ಸ್ ಅಂದಳು — ಅದೇ ಅವಳಿಗೆ ಇವತ್ತಿಗೂ ಸಹಿಸಲಾಗದ ಮಾತು, ಥ್ಯಾಂಕ್ಸ್, ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸುವ ಥ್ಯಾಂಕ್ಸ್. ಅಂದಿನಿಂದ ಅವಳ ಜಾಗ ಕಾಫಿ ಯಂತ್ರದ ಪಕ್ಕ, ಕೆಲಸ ಉಳಿದವರು ಕೆಡಿಸಿದ್ದನ್ನು ರಿಪೇರಿ ಮಾಡುವುದು, ಹೊಸದಾಗಿ ಸೇರಿದವರು ಬಂದು ಹಾಲು ಖಾಲಿಯಾಗಿದೆ ಅಂತ ಅವಳಿಗೇ ಹೇಳುತ್ತಾರೆ.

ಆ ಜಾಗಕ್ಕೇ ಬಂತು ದೂರು, ಮೊನ್ನೆ ಸೋಮವಾರ, ಟೆಸ್ಟಿಂಗಿನವನಿಂದ, ವಾರ್ಡ್ ಪರದೆಯಲ್ಲಿ ಒಮ್ಮೊಮ್ಮೆ ಒಬ್ಬರ ಸಂಖ್ಯೆ ಇನ್ನೊಬ್ಬರ ಮುಂದೆ ಕಾಣುತ್ತೆ, ಯಾವಾಗ ಅಂತ ಗೊತ್ತಾಗ್ತಿಲ್ಲ, ಸ್ವಲ್ಪ ನೋಡಿ. ಅವಳು ನೋಡಿದಳು. ಮೊದಲು ಬಟನ್ನಿನ ಮೇಲೆ ಸಂಶಯಪಟ್ಟಳು, ಸರಿಯಾಗಿತ್ತು, ಡೋಸಿನ ಪೆಟ್ಟಿಗೆಯನ್ನು ಬಿಡಿಸಿ ಒಂದೇ ಸಾಲಿನಲ್ಲಿ ಇಟ್ಟು ನೋಡಿದಳು, ಸರಿಯಾಗಿತ್ತು, ಎರಡು ಸಾಲು ಮಾಡಿ ಕೊನೆಯದನ್ನು ತೆಗೆದಳು, ಸರಿ, ಮೊದಲನೆಯದನ್ನು ತೆಗೆದಳು — ಹೆಸರು ಹೋಯಿತು, ಕೆಳಗಿನ ಹೆಸರು ಮೇಲೆ ಬಂತು, ಡೋಸು ಮಾತ್ರ ಕದಲಲಿಲ್ಲ. ಸಾಲಿನ ಕೀ ತೆರೆದು ನೋಡಿದರೆ ಕೈಪಟ್ಟಿಯ ನಂಬರ್ ಇಲ್ಲ, ಒಂದನೇ ಸಾಲು ಎರಡನೇ ಸಾಲು ಎಂಬ ಬರೀ ಕ್ರಮಸಂಖ್ಯೆ. ಹೇಗಾಯಿತೆಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ, ಪರೀಕ್ಷೆಗೆಂದು ತುಂಬಿಸಿದ ಸುಳ್ಳು ರೋಗಿಗಳಿಗೆ ಕೈಪಟ್ಟಿ ಇರಲಿಲ್ಲ, ಕೀ ಎಲ್ಲಿ ಎಂದು ಫ್ರೇಮ್‌ವರ್ಕು ಕೆಂಪು ಅಕ್ಷರದಲ್ಲಿ ಕಿರುಚಿರುತ್ತದೆ, ಆ ಕಿರುಚಾಟ ನಿಲ್ಲಿಸಲು ನಗುಮುಖ ಕ್ರಮಸಂಖ್ಯೆ ತುರುಕಿದ್ದಾನೆ, ಅಳುವ ಮಗುವಿನ ಬಾಯಿಗೆ ಕೈಗೆ ಸಿಕ್ಕಿದ್ದನ್ನು ತುರುಕಿದ ಹಾಗೆ, ತುರುಕಿ ನಕ್ಕಿದ್ದಾನೆ. ಒಂದು ಪದ ಬದಲಿಸಿದರೆ ಮುಗಿಯುತ್ತಿತ್ತು. ಅವಳ ಬೆರಳು ಅಲ್ಲೇ ಇತ್ತು. ಬದಲಿಸಲಿಲ್ಲ. ನೋಡಿದೆ, ನನಗೆ ಹಾಗೆ ಕಾಣಲಿಲ್ಲ, ಎಂದು ಬರೆದು ದೂರನ್ನು ಮುಚ್ಚಿದಳು, ಎದ್ದು ಹೋಗಿ ಕಾಫಿ ಕುಡಿದಳು, ಎಷ್ಟೋ ದಿನದ ಮೇಲೆ ಕಾಫಿಗೆ ರುಚಿ ಬಂದಿತ್ತು. ಯಾರ ಪ್ರಾಣಕ್ಕೂ ಕುತ್ತಿಲ್ಲ, ಬರುವ ಸೋಮವಾರದ ತನಕ ಯಾಕೆ ಬಿಡುತ್ತೇನೆ, ಶುಕ್ರವಾರ ಎಲ್ಲರ ಮುಂದೆ ನಾನೇ ಎದ್ದು ಕೇಳುತ್ತೇನೆ, ಒಂದು ಸಣ್ಣ ಪ್ರಶ್ನೆ, ಅವನೇ ತನ್ನ ಕೈಯಾರೆ ಒತ್ತಲಿ, ಮೂಗು ಉದುರಿ ನೆಲಕ್ಕೆ ಬೀಳಲಿ, ಆಮೇಲೆ ಬಾಗಿ ಹುಡುಕಲಿ ನಗುನಗುತ್ತಾ. ಮ್ಯಾನೇಜರು ಮುಖ ಎಲ್ಲಿಡುವುದೆಂದು ತಿಳಿಯದೆ ಕೊನೆಯ ಕುರ್ಚಿಯ ಕಡೆ ತಿರುಗಬೇಕು, ಮೇಡಂ ಸ್ವಲ್ಪ ನೋಡ್ತೀರಾ ಅನ್ನಬೇಕು, ಅವಳು ನಿಧಾನವಾಗಿ ಏಳಬೇಕು. ನಾಲ್ಕು ದಿನ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಅಕ್ಕನಿಗೆ ಗಂಜಿ ಆರಿಸುವಾಗ ಎದ್ದು ಎದ್ದು ಅಭ್ಯಾಸ ಮಾಡಿದ್ದಾಳೆ. ಏನೇ ಒಬ್ಬಳೇ ನಗ್ತಿದೀಯಾ ಅಂದಳು ಅಕ್ಕ. ಏನಿಲ್ಲ ಕಣೇ, ಆಫೀಸಿಂದು.

ಹದಿನೆಂಟು, ಬರೆದ. ಬರೆದೇ ಬಿಟ್ಟ, ಮೊದಲನೇ ಸಾಲಿನಲ್ಲಿ, ಕಪ್ಪಗೆ, ದಪ್ಪಗೆ, ಅಜ್ಜನ ಹೆಸರಿನ ಪಕ್ಕ, ಬಟನ್ ಮಂಕಾಗಿ ಮತ್ತೆ ಬೆಳಗಿತು, ನಗುಮುಖ ಕೈ ಅರಳಿಸಿದ, ಇಷ್ಟೇ ಸರ್, ಏನಾದ್ರೂ ಪ್ರಶ್ನೆ ಇದ್ರೆ. ಅವಳು ಕೈ ಎತ್ತಿದಳು, ದನಿ ತನ್ನದೋ ಬೇರೆಯವಳದೋ ಎನ್ನುವಷ್ಟು ಮೆತ್ತಗೆ, ಒಂದು ಸಣ್ಣ ಪ್ರಶ್ನೆ, ಮೊದಲನೇ ಪೇಷಂಟ್ ಡಿಸ್ಚಾರ್ಜ್ ಆದ್ರೆ ಹೇಗೆ ಕಾಣುತ್ತೆ, ತೋರಿಸ್ತೀರಾ? ಓಹೋ ಧಾರಾಳವಾಗಿ ಮೇಡಂ. ಒತ್ತಿದ. ಅಜ್ಜ ಹೋದ. ಎರಡನೇ ಸಾಲಿನ ಹೆಂಗಸು ಮೇಲಕ್ಕೆ ಬಂದಳು, ಹದಿನೆಂಟು ಅಲ್ಲೇ ಇದೆ, ಆ ಹೆಂಗಸಿನ ಪಕ್ಕದಲ್ಲಿ, ಅವಳದೇ ಎಂಬಂತೆ — ಈಗ, ಈಗ ಉಸಿರು ಎಳೆದುಕೊಳ್ಳುತ್ತಾರೆ, ಈಗ ಕುರ್ಚಿ ಕಿರ್ ಅನ್ನುತ್ತದೆ — ಚೆನ್ನಾಗಿದೆ, ಅಂದರು ಒಬ್ಬ ಡಾಕ್ಟರು. ಅಚ್ಚುಕಟ್ಟಾಗಿದೆ, ಅಂದರು ಇನ್ನೊಬ್ಬರು. ಮ್ಯಾನೇಜರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಯಾರಿಗೂ ಕಾಣಲಿಲ್ಲ, ಅಷ್ಟು ದೊಡ್ಡ ಪರದೆಯ ಮೇಲೆ ಅಷ್ಟು ದೊಡ್ಡ ಹದಿನೆಂಟು, ಅಯ್ಯೋ ಕುರುಡರಾ, ಇದು ಅವಳ ನಾಲ್ಕು ದಿನದ ಅಭ್ಯಾಸದಲ್ಲಿ ಇರಲೇ ಇಲ್ಲ, ಈಗ ಅವಳೇ ಎದ್ದು ಹೇಳಬೇಕು, ಹೇಳಿದರೆ ನಿಮಗೆ ಹೇಗೆ ಗೊತ್ತಾಯ್ತು ಅನ್ನುತ್ತಾರೆ, ಹೇಳದಿದ್ದರೆ ಸೋಮವಾರ, ಆ ಒಣಗಿದ ಕೈ, ಹೂವಿನ ಹಾಗೆ ಎತ್ತಿದ ಕೈ, ಸೂಜಿ — ಬಾಯಿ ತೆರೆದಳು, ಮುಚ್ಚಿದಳು. ಒಂದ್ನಿಮಿಷ, ಅಂದರು ದೊಡ್ಡ ಸಿಸ್ಟರ್. ಕನ್ನಡಕ ಹಣೆಗೇರಿಸಿ ಎದ್ದು ಪರದೆಯ ಹತ್ತಿರ ಹೋದರು, ಬೆರಳಿಟ್ಟರು. ಈ ಹದಿನೆಂಟು ಆ ಅಜ್ಜಂದಲ್ವಾ, ಈಯಮ್ಮಂಗೆ ಯಾಕೆ ಬಂತು, ಹೀಗೆ ಕೊಟ್ರೆ ಸಾಯ್ತಾಳಲ್ಲಪ್ಪ. ಚಪ್ಪಾಳೆ ನಿಂತಿತು, ಯಾರದೋ ಒಂದು ಕೈ ತಡವಾಗಿ ನಿಂತಿತು, ನಗುಮುಖನ ಮುಖದಿಂದ ನಗು ಹೋಯಿತು — ಹೋಯಿತು, ಹೋಯಿತು, ಎಷ್ಟು ತಿಂಗಳು ಕಾದಿದ್ದಳು ಅದನ್ನು ನೋಡಲು, ಆ ಮುಖ ಹೇಗಿದೆ ಎಂದು ಮನಸ್ಸು ತುಂಬ ನೋಡುವಷ್ಟರಲ್ಲಿ ಅದು ಕೊನೆಯ ಕುರ್ಚಿಯ ಕಡೆ ತಿರುಗಿತು, ನಗು ವಾಪಸ್ ಬಂತು, ಸ್ವಲ್ಪ ವಿನಯ ಬೆರೆಸಿಕೊಂಡು. ನಿಜ ಹೇಳ್ಬೇಕಂದ್ರೆ ಸರ್, ಈ ಕಾಂಪೊನೆಂಟ್ ನಂದಲ್ಲ, ಮೊದಲಿಂದ ಕೊನೇವರೆಗೆ ಬರೆದಿದ್ದು ಮೇಡಮ್ಮೇ, ಅವರನ್ನೇ ಕೇಳ್ಬೇಕು.

ಎಲ್ಲ ತಲೆಗಳೂ ತಿರುಗಿದವು, ಅವಳು ಅಭ್ಯಾಸ ಮಾಡಿದ್ದ ಹಾಗೆಯೇ. ಮ್ಯಾನೇಜರು ಹಣೆ ಗಂಟಿಕ್ಕಿ, ಈ ದೂರು ನಿಮ್ಮ ಹತ್ರಾನೇ ಬಂದಿತ್ತಲ್ವಾ, ನೋಡಿದೆ ಕಾಣಲಿಲ್ಲ ಅಂತ ಬರೆದಿದ್ರಲ್ಲ? ಕೀ ಬದಲಿಸಿದ್ದು ಅವನು, ಹೇಳು, ಹೇಳಬಹುದು, ಯಾರು ಯಾವಾಗ ಏನು ತಿದ್ದಿದರೆಂಬುದು ಎಲ್ಲ ಉಳಿದಿರುತ್ತದೆ, ತೆಗೆದು ಮುಖಕ್ಕೆ ಹಿಡಿಯಬಹುದು, ಹಿಡಿದರೆ, ನೋಡಿಯೂ ಮುಚ್ಚಿದ್ದು ಯಾಕಮ್ಮ ಅನ್ನುತ್ತಾರೆ — ದೊಡ್ಡ ಸಿಸ್ಟರ್ ಪರದೆಯ ಮೇಲಿಂದ ಬೆರಳು ತೆಗೆದಿಲ್ಲ, ತಿರುಗಿ ಅವಳನ್ನೇ ನೋಡುತ್ತಿದ್ದಾರೆ, ಬೈಯುವ ಹಾಗಲ್ಲ, ಮನೆಯ ಹುಡುಗಿಯನ್ನು ಕೇಳುವ ಹಾಗೆ, ಕೈಪಟ್ಟಿ ತೋರಿಸಿ ಹೇಳಿಕೊಟ್ಟಿದ್ದೆನಲ್ಲಮ್ಮ ನಿನಗೆ, ನಿನಗೂ ಗೊತ್ತಾಗ್ಲಿಲ್ವಾ? ಗೊತ್ತಾಗಲಿಲ್ಲ ಅಂದರೆ ದಡ್ಡಿ, ಗೊತ್ತಿತ್ತು ಅಂದರೆ, ಗೊತ್ತಿತ್ತು ಅಂದರೆ ಆ ಕಣ್ಣು ಇನ್ನೊಮ್ಮೆ ಹೀಗೆ ಅವಳನ್ನು ನೋಡುವುದಿಲ್ಲ. ನಗುಮುಖ ಎದ್ದ. ಅವತ್ತು ಏಳದವನು ಈಗ ಎದ್ದ, ಪೂರ್ತಿ ಎದ್ದು, ಕುರ್ಚಿಯನ್ನು ಹಿಂದಕ್ಕೆ ಎಳೆದು, ಪಕ್ಕಕ್ಕೆ ಸರಿದು ನಿಂತ, ಬನ್ನಿ ಮೇಡಂ, ನಿಮ್ಮ ಜಾಗ, ಕೂತ್ಕೊಳ್ಳಿ. ನಡೆದಳು. ಬಾಗಿಲಿನಿಂದ ಅಲ್ಲಿಗೆ ಇಷ್ಟು ದೂರ ಇರಲಿಲ್ಲ, ಪ್ರೊಜೆಕ್ಟರಿನ ಬೆಳಕು ಈಗ ಅವಳ ಮೇಲೆ, ಅವಳ ತೋಳಿನ ಮೇಲೆ ಹದಿನೆಂಟು, ಕೂತಳು, ಒರಗಿದಳು, ಕುರ್ಚಿಯ ಬೆನ್ನು ಬಿಸಿಯಾಗಿದೆ, ಅವನ ಬಿಸಿ, ಗೊತ್ತಾಗ್ಲಿಲ್ವಾಮ್ಮ, ಅವತ್ತಿನ ಹಸಿರು ಸ್ವೆಟರ್, ಉದ್ದದ ಎಡತೋಳು, ಕೂತಲ್ಲೇ ಬಾಗಿ ಹಿಂದಕ್ಕೆ ಕೈ ಹಾಕಿ ಎಳೆದು ಕೊಡುತ್ತಾನೆ, ತೆಗೆದುಕೊಳ್ಳುತ್ತಾಳೆ, ಬಿಸಿ, ಎಳೆದು ಕೊಡುತ್ತಾನೆ, ತೆಗೆದುಕೊಳ್ಳುತ್ತಾಳೆ, ಬಿಸಿ ಸ್ವೆಟರ್