ಎರಡು ಗಂಟಿನ ಡಬ್ಬಿ

"ಬರೀ ಉತ್ತರ ಸಾಲದವ್ವ. ಹಂಗ್ಯಾಕೆ ಮಾಡ್ದೆ, ಅದನ್ನೂ ಹೇಳು," ಎಂದರು ಸುಧಾ ಟೀಚರು.

ಸನೋಬರ್ ಪೆನ್ಸಿಲ್ ಕೆಳಗಿಟ್ಟಳು. ಹಾಳೆಯ ಮೇಲೆ 3x + 4 = 19 ಎಂದಿತ್ತು. "ಎಕ್ಸ್ ಅಂದ್ರೆ ಮುಚ್ಚಿದ ಡಬ್ಬಿ ರೀ. ಒಳಗೆ ಎಷ್ಟು ಬಳೆ ಅದಾವೋ ಗೊತ್ತಿಲ್ಲ. ಮೂರು ಡಬ್ಬಿ, ಮ್ಯಾಲೆ ನಾಲ್ಕು ಬಿಡಿ ಬಳೆ, ಎಲ್ಲಾ ಸೇರಿ ಹತ್ತೊಂಬತ್ತು. ಬಿಡಿ ಬಳೆ ತೆಗೆದ್ರೆ ಹದಿನೈದು ಉಳೀತಾವೆ. ಮೂರು ಡಬ್ಬಿಗೆ ಸಮ ಹಂಚಿದ್ರೆ ಒಂದೊಂದ್ರಾಗೆ ಐದು."

"ಡಬ್ಬಿ ಅಂತ ಯಾರು ಹೇಳಿಕೊಟ್ರು?"

"ಅಮ್ಮಿ."

ಕೇಳಬೇಕಾದ ಪ್ರಶ್ನೆಯೇ ಅಲ್ಲ. ಹರಿಹರದ ಈ ಬಳೆ ಅಂಗಡಿಯಲ್ಲಿ ಅವಳ ತಾಯಿ ಶಹರ್ಬಾನುವನ್ನು ಬಿಟ್ಟರೆ ಬೀಜಗಣಿತ ಕಲಿಸುವವರು ಯಾರಿದ್ದರು? ಎಂಟನೇ ಕ್ಲಾಸಿನಲ್ಲಿದ್ದಾಗ ಸನೋಬರ್ ಮೂರ್ಛೆ ಬಂದು ತರಗತಿಯಲ್ಲೇ ಬಿದ್ದಿದ್ದಳು. ಮರುದಿನದಿಂದ ಅವಳು ಬಿದ್ದು ಒದ್ದಾಡಿದ್ದನ್ನು ಜೊತೆಯವರು ಮಾಡಿ ತೋರಿಸಿ ನಗತೊಡಗಿದರು. ಮಾತ್ರೆಗೆ ಮೂರ್ಛೆ ನಿಂತಿತು, ಅಣಕ ನಿಲ್ಲಲಿಲ್ಲ. ಹುಡುಗಿ ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. "ಶಾಲೆ ಬ್ಯಾಡಾದ್ರೆ ಓದೂ ಬ್ಯಾಡ ಅಂತ ಏನೈತೆ?" ಎಂದು ತಾಯಿ, ತಾನು ಪಿಯುಸಿಯಲ್ಲಿ ಕಲಿತು ಮರೆತದ್ದನ್ನೆಲ್ಲ ಕೆದಕಿಕೊಂಡು ಮಗಳೆದುರು ಕೂತಳು. ಸುಧಾ ಟೀಚರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟರಿನಲ್ಲಿ ಬಳೆಗೆಂದು ಬಂದರೆ, ಶಹರ್ಬಾನು ಅವರ ಕೈಗೆ ಬಳೆ ಏರಿಸುತ್ತಲೇ ತನ್ನ ಸಂಶಯಗಳನ್ನು ಕೇಳುತ್ತಿದ್ದಳು. ಕೈ ಅವಳ ಹಿಡಿತದಲ್ಲಿರುವಾಗ ಟೀಚರಾದರೂ ಹೇಳದೆ ಎಲ್ಲಿಗೆ ಹೋದಾರು.

ಶಹರ್ಬಾನು ಈ ಮಳೆಗಾಲದಲ್ಲಿ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುವ ಸಮಯ. ತಂದೆ ಮಸ್ತಾನಸಾಬ್ ತಾನಾಗಿಯೇ ಟೀಚರಿಗೆ ಫೋನು ಮಾಡಿ ಕರೆಸಿದ್ದ. "ಅವಳ ಅಮ್ಮ ಕಲಿಸಿದ್ದು ಗಟ್ಟಿ ಐತೋ ಇಲ್ಲೋ ನೀವೇ ನೋಡ್ರಿ, ಟೀಚರಮ್ಮ. ಇಲ್ಲಾಂದ್ರೆ ಈ ವರ್ಷ ಬ್ಯಾಡ. ದಾವಣಗೆರೆ ಕೆ.ಬಿ. ಬಡಾವಣೆಯಾಗೆ ಟ್ಯೂಷನ್‌ಗೆ ಹಾಕಿ ಮೊದಲಿಂದ ಓದಸ್ತೀನಿ," ಎಂದಿದ್ದ. ಮೊದಲಿಂದ ಎಂಬ ಮಾತಿಗೇ ಹುಡುಗಿಯ ಮುಖ ಸಣ್ಣದಾಗಿತ್ತು. ಅಮ್ಮಿ ಹೇಳಿಕೊಟ್ಟದ್ದನ್ನು ಅಳಿಸಿ ಬೇರೆಯವರು ಬರೆಯುವುದು ಅವಳಿಗೆ ಸುತರಾಂ ಬೇಡವಾಗಿತ್ತು.

ಟೀಚರು ಅಕ್ಷರ ಬದಲಿಸಿದರು, ಎರಡೂ ಕಡೆ ಡಬ್ಬಿ ಬರುವಂತೆ ಮಾಡಿದರು, ಕಂಸ ಹಾಕಿದರು. ಹುಡುಗಿ ಎಲ್ಲೂ ತಡವರಿಸಲಿಲ್ಲ. ಇದು ಬಾಯಿಪಾಠವಲ್ಲ ಎಂದು ಖಾತ್ರಿಯಾಗುತ್ತ ಬಂತು. ಕೊನೆಯದೊಂದು ಎಂದು x + 5 = 3 ಬರೆದರು.

ಸನೋಬರ್ ಅದನ್ನು ನೋಡಿ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

"ಯಾಕವ್ವ, ಬರಲ್ವಾ?"

"ಇಂಥವನ್ನ ಅಮ್ಮಿ ಬಿಡು ಅಂದಿದ್ಲು. ಡಬ್ಬಿ ಖಾಲಿ ಇದ್ರೂ ಐದು ಹಾಕಿದ್ಮೇಲೆ ಐದಾದ್ರೂ ಇರಬೇಕಲ್ರಿ, ಮೂರು ಹೆಂಗಾಗ್ತೈತೆ? ಸಂಖ್ಯೆ ಗೆರೆ ಮ್ಯಾಲೆ ಮೈನಸ್ ನಂಗೆ ಗೊತ್ತೈತೆ. ಖಾಲಿಗಿಂತ ಕಮ್ಮಿ ಅನ್ನೋದನ್ನ ಡಬ್ಬಿಯಾಗೆ ಹೆಂಗೆ ತೋರ್ಸೋದು ಅಂತ ಅವಳಿಗೂ ತಿಳೀಲಿಲ್ಲ. ಸುಧಾ ಟೀಚರು ಬಂದಾಗ ಕೇಳಿ ಹೇಳ್ತೀನಿ ಅಂದ್ಲು." ಹುಡುಗಿ ತಲೆ ಎತ್ತಿದಳು. "ಕೇಳಿದ್ಲಾ, ಟೀಚರ್?"

ಟೀಚರು ಹೂಂ ಅಂದುಬಿಡಬಹುದಿತ್ತು. ಆ ಕಣ್ಣುಗಳೆದುರು ಆಗಲಿಲ್ಲ. "ಇಲ್ಲವ್ವ. ಅದಾದ್ಮೇಲೆ ನಾನು ಬರಲೇ ಇಲ್ಲ."

ಅವರ ನೋಟ ತಮ್ಮ ಕೈಗಳ ಮೇಲೆ ಬಿತ್ತು. ಕಡೆಯ ಸಲ ಬಂದಾಗ ಹಸಿರು ಬಳೆ ಎಡಗೈಗೆ ಎರಡು ಕಡಿಮೆ ಬಿದ್ದಿದ್ದವು. ಮುಂದಿನ ಸಲ ಹಾಕ್ತೀನಿ ಬರ್ರಿ ಎಂದು ಶಹರ್ಬಾನು ನಗುತ್ತ ಕಳಿಸಿದ್ದಳು. ಏನೋ ನೆನಪಾದವರಂತೆ ಟೀಚರು ಗೋಡೆಯ ಡಬ್ಬಿಗಳ ಸಾಲನ್ನು ನೋಡಿದರು. ಅಲ್ಲಲ್ಲಿ ಕೆಲವಕ್ಕೆ ಕೆಂಪು ದಾರ ಕಟ್ಟಿತ್ತು.

"ಮಸ್ತಾನಸಾಬ್ರೆ, ಆ ದಾರ ಏನು?"

"ಅವಳದೇ ಗುರುತು," ಎಂದ ಮಸ್ತಾನಸಾಬ್, ಗಲ್ಲಾದ ಬಳಿಯಿಂದ. "ಗಿರಾಕಿಗೆ ಎಷ್ಟು ಬಳೆ ಕೊಡೋದು ಉಳೀತೋ ಅಷ್ಟು ಗಂಟು. ಹೊಸ ಮಾಲು ಬಂದ್ರೆ ಮೊದಲು ಅದನ್ನ ತೆಗೆದಿಟ್ಟು, ಮಿಕ್ಕಿದ್ದು ಮಾರೋದು. ಬಾಕಿ ಕೊಟ್ಟ ಮ್ಯಾಲೆ ಗಂಟು ಬಿಚ್ಚೋದು."

ಟೀಚರು ಹುಡುಗಿಯನ್ನೇ ನೋಡುತ್ತ ಕೂತರು. ಸನೋಬರ್ ನಿಧಾನವಾಗಿ ಎದ್ದು ಒಂದು ಡಬ್ಬಿ ಇಳಿಸಿದಳು. ದಾರಕ್ಕೆ ಎರಡು ಗಂಟು. ಮುಚ್ಚಳ ತೆಗೆದರೆ ಒಳಗೆ ಖಾಲಿ. ಹೊಸ ಮಾಲಿನ ತಟ್ಟೆಯಿಂದ ಐದು ಹಸಿರು ಬಳೆ ತಂದು ಹಾಕಿದಳು. ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಎರಡು ಬಳೆ ತೆಗೆದು ಹಾಳೆಯ ಮೇಲಿಟ್ಟಳು. ಡಬ್ಬಿಯಲ್ಲಿ ಮೂರು ಉಳಿದವು.

ಅವಳು x = −2 ಎಂದು ಬರೆದಳು.

"ಅಮ್ಮಿಗೆ ಗೊತ್ತಿತ್ತಲ್ರಿ," ಎಂದಳು. "ದಿನಾ ಅದನ್ನೇ ಮಾಡ್ತಿದ್ಲು. ಗೊತ್ತೈತೆ ಅಂತ ಅವಳಿಗೇ ಗೊತ್ತಿರ್ಲಿಲ್ಲ." ಅಷ್ಟು ಹೇಳಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾಯಿ ಸತ್ತ ದಿನವೂ ಅಳದ ಹುಡುಗಿ ಅದು. ಮಸ್ತಾನಸಾಬ್ ಎದ್ದು ಬಂದವನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ.

"ಪರೀಕ್ಷೆಗೆ ಕಟ್ಟಿಸ್ರಿ," ಎಂದರು ಟೀಚರು. "ಮೊದಲಿಂದ ಏನೂ ಬ್ಯಾಡ."

ಅವನು ಆಗಲೆಂಬಂತೆ ಬಹಳ ಹೊತ್ತು ತಲೆಯಾಡಿಸಿದ. ಆಮೇಲೆ ಡಬ್ಬಿ ಕಂಡು, "ಆ ಎರಡು ಗಂಟು ನಿಮ್ಮವೇ, ಟೀಚರಮ್ಮ. ತಡೀರಿ, ಹಾಕ್ತಾಳೆ," ಎಂದ.

ಸನೋಬರ್ ಕಣ್ಣೊರೆಸಿಕೊಂಡು ಎರಡು ಬಳೆ ಎತ್ತಿಕೊಂಡಳು. ತಾಯಿಯಂತೆಯೇ ಟೀಚರ ಬೆರಳುಗಳನ್ನು ಒಟ್ಟುಮಾಡಿ ಹಿಡಿದಳು. ಇನ್ನೊಂದು ಕೈ ಅಮ್ಮಿ ಹಾಕಿದ ಗಂಟು ಬಿಚ್ಚಲೆಂದು ದಾರದ ಕಡೆ ಹೋಗಿ ಅಲ್ಲಿಯೇ ನಿಂತಿತು.

ಟೀಚರು ಮೆಲ್ಲಗೆ ಕೈ ಬಿಡಿಸಿಕೊಂಡರು. "ಮುಂದಿನ ಸಲ ಬಂದಾಗ ಹಾಕುವಂತೆ," ಎಂದರು.

ಹುಡುಗಿ ಬಳೆಗಳನ್ನೆಲ್ಲ ತಟ್ಟೆಗೆ ಸುರಿದಳು. ಖಾಲಿ ಡಬ್ಬಿಯ ಮುಚ್ಚಳ ಹಾಕಿ, ಗಂಟುಗಳು ಹೊರಗೆ ಕಾಣುವಂತೆ ಮೊದಲಿದ್ದ ಜಾಗದಲ್ಲೇ ಇಟ್ಟಳು.