ರಿಲೇ ಮಾಡದ ತಪ್ಪು

ವಾಚಕ ಮಹಾಶಯರೇ, ನಾಯಕ-ನಾಯಕಿಯರ ಪ್ರಣಯವನ್ನು ನಿರೀಕ್ಷಿಸುವವರು ಈ ಪುಟವನ್ನು ಈಗಲೇ ಮಗುಚಬಹುದು. ಇಲ್ಲಿ ಹೊತ್ತಿಕೊಳ್ಳಬೇಕಾದದ್ದು ಒಂದು ಡೀಸೆಲ್ ಬರ್ನರ್ ಮಾತ್ರ, ಅದೂ ನಿರಾಕರಿಸಿತ್ತು.

ಬನವಾಸಿ ರಸ್ತೆಯ ವೀರಪ್ಪನವರ ಬೇಕರಿಗೆ ನಾನು ಕಾಲಿಟ್ಟಾಗ ಸೋಮವಾರ ಬೆಳಗಿನ ಹತ್ತು ಗಂಟೆ. ಊರೂರು ಅಲೆದು ಬರ್ನರ್ ರಿಪೇರಿ ಮಾಡುವ ನನಗೆ ಆ ಓವನ್ ಹೊಸದಲ್ಲ. ಆರು ತಿಂಗಳ ಹಿಂದೆ ಅದನ್ನು ಕೂಡಿಸಿದವನು ನಾನೇ. ಅದರ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಗಾರೆಯ ಮಾದೇವನು ಕರಣಿ ಹಿಡಿದು ಕುಳಿತಿದ್ದುದು ಮಾತ್ರ ಹೊಸದು.

"ಬರ್ರಿ, ಬರ್ರಿ," ಎಂದರು ವೀರಪ್ಪ. "ಹನ್ನೆರಡರ ತನಕ ನಿಮ್ಮ ಟೈಮು. ಆಮ್ಯಾಲೆ ಮಾದೇವಂದು. ಕಟಗಿ ಭಟ್ಟಿ ಮತ್ತ ಕಟ್ಟಸ್ತೀನಿ."

ಹಿಟ್ಟಿನ ಕೈಯಲ್ಲೇ ಅವರ ಪತ್ನಿ ಪಾರ್ವತವ್ವ ಹೊರಬಂದರು. ಇಪ್ಪತ್ತು ವರ್ಷ ಕಟ್ಟಿಗೆ ಭಟ್ಟಿಯ ಹೊಗೆಯಲ್ಲಿ ಕೆಮ್ಮಿದವರು. ಹಟ ಹಿಡಿದು ಅದನ್ನು ಒಡೆಸಿದವರೂ ಅವರೇ.

"ಅಣ್ಣಾರ, ಹೆಂಗಾರ ಹಚ್ಚಿಕೊಡ್ರಿ. ಆ ಹೊಗಿ ಮುಂದ ಮತ್ತ ಕುಂಡ್ರಂಗಿಲ್ಲ ನಾ."

"ಮಷೀನು ನಿಂದು, ಜಗಳಾನೂ ನಿಂದು," ಎಂದರು ವೀರಪ್ಪ. "ನಾ ಅಂತೂ ಅದನ್ನ ಮುಟ್ಟಂಗಿಲ್ಲ."

ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಕಿಡಿ ಹಾರಿತು, ಉರಿ ಭುಗ್ಗೆಂದಿತು. ಕೆಲವೇ ಕ್ಷಣಗಳಲ್ಲಿ ಟಕ್ ಎಂದು ರಿಲೇ ಕಡಿದು, ಉರಿ ನಂದಿ, ಕೆಂಪು ದೀಪ ಬೆಳಗಿತು. ಬರ್ನರಿನ ರಿಲೇ ಎಂಬುದು ಸಂಶಯಗ್ರಸ್ತ ಕಾವಲುಗಾರ: ಉರಿ ಕಂಡಿತೆಂಬ ಸುದ್ದಿ ಬಾರದಿದ್ದರೆ ಎಣ್ಣೆಯ ದಾರಿಯನ್ನೇ ಮುಚ್ಚಿಬಿಡುತ್ತದೆ.

"ಸಾವ್ಕಾರ್ರೇ, ಮಣ್ಣು ಕಲಸ್ಲಾ?" ಎಂದ ಮಾದೇವ.

"ತಡಿಯೋ."

ಮೀಟರು ಹಿಡಿದೆ, ಕರೆಂಟು ಸರಿಯಾಗಿತ್ತು. ರಿಲೇಯೇ ಅಪರಾಧಿಯೆಂದು ತೀರ್ಪಿತ್ತು, ಚೀಲದಲ್ಲಿದ್ದ ಹೊಸ ರಿಲೇಯನ್ನು ಗಾಂಭೀರ್ಯದಿಂದ ಕೂಡಿಸಿದೆ. ಭುಗ್ಗ್. ಟಕ್. ಕೆಂಪು ದೀಪ.

"ಇದೂ ಅದರ ತಮ್ಮನ ಏನ್ರಿ?" ಎಂದರು ವೀರಪ್ಪ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮಾದೇವ ನೀರು ತರಲು ಎದ್ದೇಬಿಟ್ಟ. ಪಾರ್ವತವ್ವ ಹಳೆಯ ಭಟ್ಟಿಯಿದ್ದ ಮೂಲೆಯನ್ನು ನೋಡಿ, ಹೊಗೆಯಿಲ್ಲದೆಯೇ ಒಮ್ಮೆ ಕೆಮ್ಮಿದರು.

ಉಳಿದದ್ದು ಸುದ್ದಿ ಮುಟ್ಟಿಸುವ ಫೋಟೋಸೆಲ್: ಹೆಬ್ಬೆರಳಿನಷ್ಟು ಕೊಳವೆ, ತುದಿಯಲ್ಲಿ ಉರಿಯನ್ನು ಕಾಣುವ ಗಾಜು. ಹೊರಗೆಳೆದೆ. ಗಾಜಿನ ಮೇಲೆ ಮೂರು ದಪ್ಪನೆಯ ವಿಭೂತಿ ಗೆರೆಗಳು ಒಂದಕ್ಕೊಂದು ಅಂಟಿ ಒಣಗಿದ್ದವು. ಬೆಳಕು ನುಸುಳಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ.

"ಇದನ್ನ ಯಾರು ಹಚ್ಚಿದ್ದು?"

"ಸೋಮವಾರಕ್ಕೊಮ್ಮೆ ತಗದು ಒರಸ್ರಿ ಅಂತ ನೀವ ಹೇಳಿದ್ರೆಲ್ಲ," ಎಂದರು ಪಾರ್ವತವ್ವ. "ಮುಂಜಾನೆ ಒರಸಿ ಹಲಗಿ ಮ್ಯಾಲ ಇಟ್ಟೆ. ಹಾಲು ಉಕ್ಕತು ಅಂತ ಒಳಗ ಓಡಿದೆ. ಬಂದು ನೋಡದ ಸಿಗಿಸಿದೆ."

ಅದು ಸೋಮವಾರದ ಪೂಜೆಯ ಹಲಗೆ. ತಕ್ಕಡಿ, ತೂಕದ ಕಲ್ಲು, ಬ್ರೆಡ್ ಕೊಯ್ಯುವ ಚಾಕು, ಅಲ್ಲಿದ್ದ ಯಾವುದಕ್ಕೂ ವೀರಪ್ಪನವರ ವಿಭೂತಿ ತಪ್ಪುತ್ತಿರಲಿಲ್ಲ. ನಾವೆಲ್ಲ ಅವರತ್ತ ತಿರುಗಿದೆವು. ಅವರ ಕಿವಿಯಲ್ಲಿ ಸಿಕ್ಕಿಸಿದ್ದ ಬೆಂಕಿಕಡ್ಡಿಯ ತುದಿ ಬೆಳ್ಳಗಿತ್ತು.

"ಮುಟ್ಟಂಗಿಲ್ಲ ಅಂದ್ರಿ?" ಎಂದರು ಪಾರ್ವತವ್ವ.

"ಮುಟ್ಟಿಲ್ಲ. ಕಡ್ಡೀಲೆ ಹಚ್ಚೀನಿ."

"ಬೈಯೂದು ಊರ ಮುಂದ, ಪೂಜಿ ಕದ್ದು!"

"ದುಡಿಯೂದಕ್ಕ ಹಚ್ಚದ ಬಿಡಾಕ ಆಕ್ಕತೇನ?" ವೀರಪ್ಪ ನೆಲ ನೋಡಿದರು. "ಸಣ್ಣದೈತಿ, ಬೆರಳು ದಪ್ಪ ಆಗತಿತ್ತು."

ಮೊದಲು ಸಿಕ್ಕವನು ಅಪರಾಧಿಯಲ್ಲವೆಂದು ಪತ್ತೇದಾರಿ ಕಾದಂಬರಿಗಳಲ್ಲಿ ನೂರು ಬಾರಿ ಓದಿಯೂ ನಾನು ರಿಲೇಯನ್ನೇ ಹಿಡಿದಿದ್ದೆ. ಒರೆಸಬೇಕೆಂದು ಉಪದೇಶಿಸಿದ್ದವನು, ಒರೆಸಿದ ಮೇಲೆ ಏನನ್ನೂ ಹಚ್ಚಬಾರದೆಂದು ಹೇಳಿರಲೂ ಇಲ್ಲ. ಹಳೆಯ ರಿಲೇಯನ್ನು ಮರಳಿ ಕೂಡಿಸಿ, ಗಾಜು ಒರೆಸಿ, ಸ್ವಿಚ್ ಒತ್ತಿದೆ.

ಭುಗ್ಗ್.

ಕೆಂಪು ದೀಪವನ್ನೇ ನೋಡುತ್ತ ಕಾದೆವು. ಟಕ್ ಬರಲೇ ಇಲ್ಲ. ಉರಿ ಗುಂಯ್‌ಗುಡುತ್ತ ನಿಂತಿತು. ಪಾರ್ವತವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಂಗಾರೆ ಮಣ್ಣು?" ಬಾಗಿಲಲ್ಲಿ ಕೊಡ ಹಿಡಿದ ಮಾದೇವ ಕೇಳಿದ.

"ಕಲಸು. ಅಂಗಡಿ ಮೆಟ್ಲಾ ಮುರದಾವು, ಅವನ್ನ ಕಟ್ಟು," ಎಂದರು ಪಾರ್ವತವ್ವ.

ವೀರಪ್ಪ ನನ್ನ ಕಿವಿಯ ಬಳಿ ಬಗ್ಗಿದರು. "ಹಂಗಾರ ಎಲ್ಲಿ ಹಚ್ಚಬೇಕ್ರಿ?"

ಬರ್ನರಿನ ಹೊರಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಅಂಗೈಯಗಲದ ಚೌಕವೊಂದನ್ನು ಬರೆದುಕೊಟ್ಟೆ. ಮೂರು ಬೆರಳೂ ಧಾರಾಳವಾಗಿ ಹಿಡಿಸುತ್ತಿದ್ದವು.

ಮೀಟರು, ಸ್ಕ್ರೂಡ್ರೈವರು, ಮಾರಾಟವಾಗದ ರಿಲೇ ಚೀಲ ಸೇರಿದವು. ಮೊದಲ ತಟ್ಟೆಯ ಬಿಸಿ ಬನ್ನುಗಳನ್ನು ಅವುಗಳ ಮೇಲಿಟ್ಟು, ಚೀಲವನ್ನು ಹೆಗಲಿಗೇರಿಸಿ, ಸಿದ್ದಾಪುರದ ಬಸ್ಸು ಹಿಡಿಯಲು ಹೊರಟೆ.