ರೂತಳ ಪಾಲು

"ಕುಂದ್ರಿ ಸಾಬ್ರೇ, ನಿಂತೇ ಹೋಗ್ತೀರೇನು?" ಎನ್ನುತ್ತ ಲಾಲಮ್ಮ ಚಾಪೆ ಹಾಸಿದಳು. ಪ್ರೈಸ್ ಸಾಹೇಬರು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಬಂದದ್ದು ಹೋಗಿಬರುತ್ತೇನೆ ಎಂದು ಹೇಳಲು.

ಇಪ್ಪತ್ತೆರಡರ ಹರೆಯದಲ್ಲಿ ಇಂಗ್ಲೆಂಡ್ ಬಿಟ್ಟು ಬಂದು, ವಾಡಿ ಜಂಕ್ಷನ್ನಿನಲ್ಲಿ ಮೂವತ್ತಮೂರು ವರ್ಷ ರೈಲು ಓಡಿಸಿದವರು. ಸ್ವಾತಂತ್ರ್ಯ ಬಂದಾಗ ಜೊತೆಯ ಡ್ರೈವರುಗಳು ಹಡಗು ಹತ್ತಿದರೂ ಇವರು ಕದಲಲಿಲ್ಲ; ಹೆಂಡತಿ ಮಾರ್ಗರೆಟ್ಟಳ ಗೋರಿ ಇಲ್ಲೇ ಇತ್ತು. ಮಗಳು ರೂತಳನ್ನು ಹೆತ್ತ ಮೂರನೆಯ ದಿನವೇ ಆಕೆ ಜ್ವರದಲ್ಲಿ ತೀರಿಕೊಂಡಿದ್ದಳು. ಕೂಸು ಬಾಟಲಿ ಹಾಲನ್ನೆಲ್ಲ ಕಕ್ಕುತ್ತಿತ್ತು. ಆಗ ಖಣಿಯಲ್ಲಿ ಕಲ್ಲು ಹೊರುತ್ತಿದ್ದ ಲಾಲಮ್ಮ ಕರೆಯದೆಯೇ ಬಂದು, ತನ್ನ ಮಗ ಭೀಮಶಾನ ಜೊತೆಗೆ ಅದಕ್ಕೂ ಒಂದೂವರೆ ವರ್ಷ ಮೊಲೆಯೂಡಿಸಿದಳು.

ಈಗ ಐವತ್ತೆಂಟನೆಯ ಇಸವಿ. ಸಾಹೇಬರಿಗೆ ನಿವೃತ್ತಿಯಾಗಿತ್ತು, ತಿಂಗಳೊಳಗೆ ರೈಲ್ವೆ ಕ್ವಾರ್ಟರ್ಸ್ ಬಿಡಬೇಕು. ತಮ್ಮದೆಂಬ ಸೂರು ಎಲ್ಲೂ ಇರಲಿಲ್ಲ. ಲೀಡ್ಸಿನ ಅಕ್ಕ ಬಾ ಎಂದು ಬರೆದಿದ್ದಳು. ಆ ಕಾಗದ ಓದಿದ ಮೇಲೆ ರೂತ್ ಮನೆಯಲ್ಲಿ ಮಾತು ಬಿಟ್ಟಿದ್ದಳು.

"ನಮ್ಮ ದೇಶಕ್ಕ ಹೋಗಾಕತ್ತೀವಿ, ಲಾಲಮ್ಮ," ಎಂದರು ಕೊನೆಗೆ.

ಲಾಲಮ್ಮ ಅಳಲಿಲ್ಲ, ಸಿಟ್ಟಾದಳು. "ರೂತವ್ವ ಹೂಂ ಅಂದಾಳೇನ್ರಿ?"

"ಇಲ್ಲಿ ಮನಿ ಇಲ್ಲ. ಆಕಿನ್ನ ಎಲ್ಲಿಡ್ಲಿ?"

ಬಾಗಿಲಲ್ಲಿ ಕುಳಿತಿದ್ದ ಲಾಲಮ್ಮನ ಗಂಡ ಭಗವಂತ ಗೂಟದಲ್ಲಿದ್ದ ದಾರದುಂಡೆ ತೆಗೆದುಕೊಂಡು ಎದ್ದ. "ಬರ್ರಿ ಇಲ್ಲಿ."

ಹಿತ್ತಲಾಚೆ ಬಯಲಾಗಿ ಬಿದ್ದಿದ್ದ ಜಾಗದ ನಟ್ಟನಡುವೆ ನಿಂತು ಅವನು ಕೈ ಚಾಚಿದ. "ನಮ್ಮಪ್ಪ ಬಿಟ್ಟು ಹ್ವಾದ ಜಾಗಾ. ಈ ಕಡಿ ಭೀಮಶಾಂದು, ಆ ಕಡಿ ರೂತವ್ವಂದು. ನಾವು ಯಾವಾಗೋ ಮಾತಾಡಿ ಇಟ್ಟೀವಿ."

"ಇದನ್ನ ನಾ ಹೆಂಗ ತೊಗೊಳ್ಳಲಿ ಭಗವಂತ?"

"ನಿಮಗ ಯಾರು ಕೊಡಾಕತ್ತಾರ್ರಿ?" ಲಾಲಮ್ಮ ಹಿಂದಿನಿಂದ ಬಂದಳು. "ಹಾಲಾಗ ಪಾಲು ಕೊಟ್ಟಾಕಿ, ಮಣ್ಣಾಗ ಕೊಡಂಗಿಲ್ಲೇನು?"

ಮೂವತ್ತಮೂರು ವರ್ಷ ಸಾಹೇಬರು ಈ ಊರಲ್ಲಿ ತಾನು ಒಬ್ಬ ಹೊರಗಿನಿಂದ ಬಂದವನು ಎಂದೇ ತಿಳಿದಿದ್ದರು. ಕೈ ಮುಗಿಯಹೋದರೆ ಭಗವಂತ ಆ ಕೈಗೆ ದಾರದ ತುದಿ ಕೊಟ್ಟ.

"ಅದು ಆಮ್ಯಾಗ. ಈಗ ಇದು ಹಿಡೀರಿ, ಪಾಯದ ಗುರ್ತು ಹಾಕಬೇಕು."

ಇನ್ನೊಂದು ತುದಿ ಹಿಡಿದು ಅವನು ಹಿಂದೆ ಹಿಂದೆ ಸರಿಯುತ್ತ ಹೋದ. ಸಾಹೇಬರು ಮೊಳಕಾಲೂರಿ, ದಾರ ಸಡಿಲಾಗದಂತೆ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದರು. ಮಣ್ಣು ಬಿಸಿಲಿಗೆ ಬೆಚ್ಚಗಿತ್ತು.